ಅಷ್ಟು ದೊಡ್ಡ ಬಯಲಿನಲ್ಲಿ ನಾವು ಯಾವ ಲೆಕ್ಕ?

"ಅವನು ಯಾವ ಲೆಕ್ಕ?" "ನಮ್ಮಂಥವರು ಯಾರ ಲೆಕ್ಕಕ್ಕಿದ್ದೇವೆ?" ಈ ಮಾತುಗಳು ದಿನಬೆಳಗಾದರೆ ಕಿವಿಗೆ ಬೀಳುತ್ತವೆ. ಮದುವೆ ಮನೆಯಲ್ಲಿ ಕರೆದು ಕೂರಿಸದಿದ್ದರೆ, ಪಂಚಾಯಿತಿಯಲ್ಲಿ ಮಾತಿಗೆ ಬೆಲೆ ಸಿಗದಿದ್ದರೆ, ಕಚೇರಿಯ ಬಾಗಿಲಲ್ಲಿ ಸಂಜೆಯವರೆಗೆ ಕಾಯಿಸಿದರೆ ಮನುಷ್ಯನ ಬಾಯಿಂದ ತಾನಾಗಿ ಹೊರಡುವ ಮಾತಿದು. ಹಸಿವನ್ನಾದರೂ ಮನುಷ್ಯ ತಡೆದಾನು. ತಾನು ಯಾರ ಲೆಕ್ಕಕ್ಕೂ ಇಲ್ಲವೆಂಬ ನೋವನ್ನು ತಡೆಯಲಾರ. ಇದೇ ಮಾತು ಒಂದು ರಾತ್ರಿ ಬೇರೊಂದು ರೂಪದಲ್ಲಿ ನಮ್ಮೆದುರಿಗೆ ಬಂದು ನಿಂತಿತು.

ಕಾರ್ತಿಕ ಮಾಸದ ಕೊನೆಯ ದಿನಗಳು. ಹಳ್ಳಿಯೊಂದರ ದೇವಸ್ಥಾನದ ಮುಂದಿನ ಬಯಲಿನಲ್ಲಿ ಪ್ರವಚನ ಏರ್ಪಾಡಾಗಿತ್ತು. ಆರಂಭಿಸಿ ಅರ್ಧ ಗಂಟೆಯೂ ಆಗಿರಲಿಲ್ಲ, ಕರೆಂಟು ಹೋಯಿತು. ಧ್ವನಿವರ್ಧಕ ಸುಮ್ಮನಾಯಿತು. ಮಕ್ಕಳು ಕೂಗಿದರು, ಹೆಂಗಸರು ಮಕ್ಕಳನ್ನು ಗದರಿದರು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ತಲೆಯ ಮೇಲೆ ಆಕಾಶ ತುಂಬಿ ನಿಂತಿತ್ತು. ಹೇಳಬೇಕೆಂದುಕೊಂಡಿದ್ದ ವಿಷಯವನ್ನು ಬದಿಗಿಟ್ಟು, "ಎಲ್ಲರೂ ಒಮ್ಮೆ ಮೇಲೆ ನೋಡಿ" ಎಂದೆವು. ಕಾರ್ತಿಕ ಮಾಸಕ್ಕೆ ಹೆಸರು ಕೊಟ್ಟ ಕೃತ್ತಿಕಾ ನಕ್ಷತ್ರಪುಂಜವನ್ನು ತೋರಿಸಿದೆವು. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬಂದು ಮುಟ್ಟಲು 400ಕ್ಕೂ ಹೆಚ್ಚು ವರ್ಷ ಬೇಕು. 1565ರಲ್ಲಿ ರಕ್ಕಸತಂಗಡಿ ಕಾಳಗ ನಡೆದು ವಿಜಯನಗರ ಹಾಳಾದ ಕೆಲವೇ ದಶಕಗಳ ಈಚೆಗೆ ಹೊರಟ ಬೆಳಕು ಈ ರಾತ್ರಿ ನಿಮ್ಮ ಕಣ್ಣಿಗೆ ಬೀಳುತ್ತಿದೆ ಎಂದು ಹೇಳಿದಾಗ ಜನ ಬೆರಗಾದರು. ನಮಗೂ ಉತ್ಸಾಹ ಬಂದಿತು. ನಮ್ಮ ಸೂರ್ಯನೇ ಲೆಕ್ಕಕ್ಕೆ ಬಾರದಷ್ಟು ದೊಡ್ಡದು ಈ ವಿಶ್ವ ಎಂದು ಮಾತು ಮುಗಿಸಿದೆವು.

ಮಂಗಳ ಮುಗಿದು ಜನ ಪ್ರಸಾದಕ್ಕೆ ಎದ್ದರು. ಒಬ್ಬ ಹಿರಿಯರು ಮಾತ್ರ ಕಂಬಕ್ಕೆ ಒರಗಿ ಕುಳಿತೇ ಇದ್ದರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ನಮಸ್ಕರಿಸಿದರು.

"ಬುದ್ಧೀ, ತಾವು ಹೇಳಿದ್ದೆಲ್ಲಾ ಕೇಳಿದೆ. ಸೂರ್ಯನೇ ಲೆಕ್ಕಕ್ಕಿಲ್ಲ ಅಂದ್ರಿ. ಅಂಥಾದ್ರಾಗೆ ನನ್ನ ಮಗ ಯಾವ ಲೆಕ್ಕ?"

ವಿಚಾರಿಸಿದಾಗ ತಿಳಿಯಿತು. ಹಿಂದಿನ ವರ್ಷ ಸಂತೆಯಿಂದ ಬೈಕಿನಲ್ಲಿ ಮನೆಗೆ ಬರುತ್ತಿದ್ದ ಮಗ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡಿದ್ದ. ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು. ಊರು ಮೂರು ದಿನ ಮಾತಾಡಿ ಮರೆತಿತ್ತು. "ಎಲ್ಲಾರೂ ಮರೆತ್ರು ಬುದ್ಧೀ. ಅವನವ್ವ ಒಬ್ಬಾಕಿ ಇವತ್ತಿಗೂ ರೊಟ್ಟಿ ಬಡಿಯುವಾಗ ಅವನ ಲೆಕ್ಕದ ಎರಡು ರೊಟ್ಟಿ ಹೆಚ್ಚಿಗೆ ಬಡಿದುಬಿಡ್ತಾಳೆ. ಆಮೇಲೆ ಬುಟ್ಟಿ ನೋಡ್ಕೊಂಡು ಅಳ್ತಾಳೆ" ಎಂದರು.

ದೇವರು ಎಲ್ಲರ ಲೆಕ್ಕ ಇಟ್ಟಿರುತ್ತಾನೆ, ಚಿಂತೆ ಬೇಡ ಎಂದು ಹೇಳಿ ಕಳಿಸಬಹುದಾಗಿತ್ತು. ಆದರೆ ನಕ್ಷತ್ರಗಳ ದೊಡ್ಡಸ್ತಿಕೆಯನ್ನು ವರ್ಣಿಸಿ ಆ ಪ್ರಶ್ನೆಯನ್ನು ಎಬ್ಬಿಸಿದವರು ನಾವೇ. ಅಷ್ಟು ಸುಲಭದ ಮಾತಿನಿಂದ ಅದನ್ನು ಮುಚ್ಚುವುದು ಸರಿಯೆನಿಸಲಿಲ್ಲ. "ಯಜಮಾನ್ರೇ, ಈ ಊರಿಗೆ ಮತ್ತೊಮ್ಮೆ ಬರುತ್ತೇವೆ. ಆಗ ಉತ್ತರ ಹೇಳುತ್ತೇವೆ" ಎಂದು ಮಾತು ಕೊಟ್ಟು ಬಂದೆವು. ಆ ಉತ್ತರವನ್ನು ಹುಡುಕುತ್ತಾ ಮನಸ್ಸಿನಲ್ಲಿ ಮೂಡಿದ ವಿಚಾರಗಳನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲಿಗೆ ಈ ವಿಶ್ವ ಎಷ್ಟು ದೊಡ್ಡದೆಂಬುದನ್ನು ಸರಿಯಾಗಿ ತಿಳಿದುಕೊಳ್ಳೋಣ. ಎದೆಯೆತ್ತರದ ಎತ್ತಿನ ಗಾಡಿಯ ಚಕ್ರದಷ್ಟು ಅಗಲದ ಗುಂಡೊಂದನ್ನು ಸೂರ್ಯನೆಂದು ಭಾವಿಸಿರಿ. ಆಗ ನಮ್ಮ ಭೂಮಿ ಮಕ್ಕಳು ಆಡುವ ಗೋಲಿಯಷ್ಟಾಗುತ್ತದೆ. ಆ ಗೋಲಿಯನ್ನು ಸುಮಾರು 150 ಮೀಟರ್ ದೂರದಲ್ಲಿ ಇಡಬೇಕು. ಊರು, ಕೇರಿ, ಸಮುದ್ರ, ಹಿಮಾಲಯ, ರಾಜ್ಯಗಳು, ಯುದ್ಧಗಳು ಎಲ್ಲವೂ ಆ ಗೋಲಿಯ ಮೇಲೆಯೇ ಇವೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವನ್ನು ಇದೇ ಅಳತೆಯಲ್ಲಿ ಎಲ್ಲಿಡಬೇಕು? ಪಕ್ಕದ ಊರಿನಲ್ಲಲ್ಲ, ಪಕ್ಕದ ಜಿಲ್ಲೆಯಲ್ಲೂ ಅಲ್ಲ. ಸುಮಾರು 40,000 ಕಿಲೋಮೀಟರ್ ಆಚೆ ಇಡಬೇಕಾಗುತ್ತದೆ. ಅಂದರೆ ನಿಜವಾದ ಈ ಭೂಮಿಯನ್ನು ಪೂರ್ತಿ ಒಂದು ಸುತ್ತು ಹಾಕಿದಷ್ಟು ದೂರ! ನೆರೆಮನೆಯೇ ಇಷ್ಟು ದೂರವಾದರೆ ಊರು ಎಷ್ಟು ದೊಡ್ಡದಿರಬೇಕು!

ಬೆಳಕು ಒಂದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸೂರ್ಯನಿಂದ ನಮ್ಮ ಅಂಗಳಕ್ಕೆ ಬರಲು ಅದಕ್ಕೆ 8 ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ಆ ಹತ್ತಿರದ ನಕ್ಷತ್ರದಿಂದ ಬರಲು 4 ವರ್ಷಕ್ಕೂ ಹೆಚ್ಚು ಬೇಕು. ನಾವಿರುವ ಆಕಾಶಗಂಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಲು ಸುಮಾರು 1 ಲಕ್ಷ ವರ್ಷ ಬೇಕು. ಈ ಆಕಾಶಗಂಗೆಯಲ್ಲಿ ಕಡಿಮೆಯೆಂದರೂ 10,000 ಕೋಟಿ ನಕ್ಷತ್ರಗಳಿವೆಯೆಂದು ಅಂದಾಜು. ಅದರ ಆಚೆ ಇಂಥ ನಕ್ಷತ್ರಲೋಕಗಳು ಇನ್ನೆಷ್ಟೋ ಸಾವಿರ ಕೋಟಿ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅದರಲ್ಲಿ ನಮ್ಮಂಥ ಮನುಷ್ಯರು ಹುಟ್ಟಿ ಕಳೆದಿರುವುದು ಸುಮಾರು 3 ಲಕ್ಷ ವರ್ಷ ಮಾತ್ರ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುವಾಗ ಈ ಅಂಕಿಗಳಲ್ಲಿ ಒಂದನ್ನಾದರೂ ನೆನಪಿಸಿಕೊಂಡರೆ ಎಷ್ಟೋ ಖಟ್ಲೆಗಳು ಅಂಗಳದಲ್ಲಿಯೇ ಬಗೆಹರಿದಾವು.

ಇಷ್ಟೆಲ್ಲ ಅಳೆದವರಾರು? ಈ ಗೋಲಿಯ ಮೇಲೆ ಕುಳಿತ ಮನುಷ್ಯನೇ. ಅದರಲ್ಲಿಯೂ ಯಾರ ಲೆಕ್ಕಕ್ಕೂ ಇಲ್ಲದ ಮನುಷ್ಯರು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಛಾಯಾಚಿತ್ರ ಮೂಡಿದ ಗಾಜಿನ ಫಲಕಗಳನ್ನು ನೋಡಿ ಲೆಕ್ಕ ಹಾಕುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ನೇಮಿಸಿಕೊಂಡಿದ್ದರು. ಅವರಿಗೆ 'ಕಂಪ್ಯೂಟರ್' ಅಂದರೆ 'ಲೆಕ್ಕ ಹಾಕುವವರು' ಎಂದೇ ಹೆಸರು. ಹೆನ್ರಿಯೆಟಾ ಲೆವಿಟ್ ಅವರಲ್ಲಿ ಒಬ್ಬರು. ಕಿವಿ ಮಂದವಾಗಿದ್ದ ಆಕೆಗೆ ಸಿಗುತ್ತಿದ್ದ ಸಂಬಳ ಗಂಟೆಗೆ 30 ಸೆಂಟ್. ಬೆಳಕು ಹೆಚ್ಚುತ್ತಾ ಕುಗ್ಗುತ್ತಾ ಇರುವ ಒಂದು ಜಾತಿಯ ನಕ್ಷತ್ರಗಳನ್ನು ವರ್ಷಗಟ್ಟಲೆ ಗಮನಿಸಿ 1912ರಲ್ಲಿ ಆಕೆ ಒಂದು ನಿಯಮವನ್ನು ಪ್ರಕಟಿಸಿದರು. ಮಿನುಗು ನಿಧಾನವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು ಎಂಬುದೇ ಆ ನಿಯಮ. ದೀಪದ ನಿಜವಾದ ಪ್ರಕಾಶ ಗೊತ್ತಿದ್ದರೆ, ಕಣ್ಣಿಗೆ ಅದು ಎಷ್ಟು ಮಂಕಾಗಿ ಕಾಣುತ್ತದೆಂಬುದರ ಮೇಲೆ ಎಷ್ಟು ದೂರದಲ್ಲಿದೆಯೆಂದು ಹೇಳಬಹುದಲ್ಲವೇ? ಹೀಗೆ ಆಕಾಶವನ್ನು ಅಳೆಯುವ ಕೋಲು ಸಿಕ್ಕಿತು.

ಆ ಕೋಲನ್ನೇ ಹಿಡಿದು ಎಡ್ವಿನ್ ಹಬಲ್ ಎಂಬ ವಿಜ್ಞಾನಿ ಆಂಡ್ರೊಮಿಡಾ ಎಂಬ ಮಸುಕು ಮೋಡದಂಥ ಬೆಳಕನ್ನು ಅಳೆದರು. ಅದು ನಮ್ಮ ಆಕಾಶಗಂಗೆಯ ಹೊರಗಿನ ಬೇರೊಂದು ನಕ್ಷತ್ರಲೋಕವೆಂಬುದು 1925ರ ಜನವರಿ 1ರಂದು ವಿಜ್ಞಾನಿಗಳ ಸಭೆಯಲ್ಲಿ ಪ್ರಕಟವಾಯಿತು. ಆಕಾಶಗಂಗೆಯೇ ಇಡೀ ವಿಶ್ವವೆಂದು ಅಂದಿನವರೆಗೆ ನಂಬಿದ್ದ ಅನೇಕರ ಪಾಲಿಗೆ ಮನೆಯ ಗೋಡೆಯೇ ಬಿದ್ದು ಹೊರಗಿನ ಬಯಲು ಕಂಡಂತಾಯಿತು. ಹಬಲ್ ಹೇಳಿದ ದೂರ 9 ಲಕ್ಷ ಜ್ಯೋತಿರ್ವರ್ಷಗಳಷ್ಟು. ಮುಂದೆ ಅದು ತಪ್ಪೆಂದು ತಿಳಿದು, ಈಗ ಸುಮಾರು 25 ಲಕ್ಷವೆಂದು ತಿದ್ದಿದ್ದಾರೆ. ತಿದ್ದಿಕೊಳ್ಳಲು ಯಾರೂ ನಾಚಲಿಲ್ಲ. ಲೆವಿಟ್‌ ಅವರ ಹೆಸರನ್ನು ನೊಬೆಲ್ ಪಾರಿತೋಷಕಕ್ಕೆ ಸೂಚಿಸಬೇಕೆಂದು ಸ್ವೀಡನ್ನಿನ ಗಣಿತಜ್ಞರೊಬ್ಬರು 1925ರಲ್ಲಿ ಪತ್ರ ಬರೆದರು. ಆ ವೇಳೆಗೆ ಆಕೆ ತೀರಿಕೊಂಡು ಮೂರು ವರ್ಷ ದಾಟಿತ್ತು. ಬದುಕಿದ್ದಾಗ ಲೆಕ್ಕ ಹಾಕುವ ಕೂಲಿಯಾಗಿದ್ದವರೇ ಲೋಕಕ್ಕೆ ಲೆಕ್ಕ ಕಲಿಸಿದರೆಂಬುದನ್ನು ಮರೆಯಬಾರದು.

ಇನ್ನು ತಿಳಿದಿರುವುದು ಎಷ್ಟು, ತಿಳಿಯದಿರುವುದು ಎಷ್ಟು? ಕವಣೆಯಲ್ಲಿ ಕಲ್ಲಿಟ್ಟು ತಿರುಗಿಸುವ ಹುಡುಗನನ್ನು ನೋಡಿರಿ. ಹಗ್ಗ ತಡೆಯುವುದಕ್ಕಿಂತ ಜೋರಾಗಿ ತಿರುಗಿಸಿದರೆ ಹಗ್ಗ ಹರಿದು ಕಲ್ಲು ಹಾರಿಹೋಗುತ್ತದೆ. ನಕ್ಷತ್ರಲೋಕಗಳ ಅಂಚಿನಲ್ಲಿರುವ ನಕ್ಷತ್ರಗಳು ಹಾಗೆ ಹಾರಿಹೋಗಬೇಕಾದಷ್ಟು ವೇಗದಲ್ಲಿ ಸುತ್ತುತ್ತಿವೆ, ಆದರೂ ಹಾರಿಹೋಗುತ್ತಿಲ್ಲ ಎಂಬುದನ್ನು 1970ರ ದಶಕದಲ್ಲಿ ವೆರಾ ರೂಬಿನ್ ಎಂಬ ವಿಜ್ಞಾನಿ ತಮ್ಮ ಸಂಗಡಿಗರೊಂದಿಗೆ ತೋರಿಸಿದರು. ಕಣ್ಣಿಗೆ ಕಾಣುವ ದ್ರವ್ಯದ ಸೆಳೆತ ಇದಕ್ಕೆ ಸಾಲದು. ಕಾಣದ ಹಗ್ಗವೊಂದು ಹಿಡಿದಿರಲೇಬೇಕು. ಅದನ್ನು ಕಪ್ಪುದ್ರವ್ಯವೆಂದು ಕರೆದರು. 1998ರಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ವಿಶ್ವ ಹಿಗ್ಗುತ್ತಿರುವ ವೇಗ ಕಾಲಕ್ರಮದಲ್ಲಿ ತಗ್ಗುತ್ತಿರಬೇಕೆಂದು ಭಾವಿಸಿದ್ದವರಿಗೆ ಅದು ಹೆಚ್ಚುತ್ತಿದೆಯೆಂದು ತಿಳಿಯಿತು. ಅದಕ್ಕೆ ಕಾರಣವಾದುದನ್ನು ಕಪ್ಪುಶಕ್ತಿಯೆಂದು ಕರೆದರು. ಇದನ್ನು ಕಂಡುಹಿಡಿದ ಮೂವರಿಗೆ 2011ರಲ್ಲಿ ನೊಬೆಲ್ ಬಂದಿತು. ವಿಶ್ವದಲ್ಲಿ ಕಪ್ಪುಶಕ್ತಿ ಸುಮಾರು ಶೇಕಡಾ 68, ಕಪ್ಪುದ್ರವ್ಯ ಸುಮಾರು 27. ಸೂರ್ಯ, ಚಂದ್ರ, ನಕ್ಷತ್ರ, ಮಣ್ಣು, ನೀರು, ನೀವು, ನಾವು ಎಲ್ಲ ಸೇರಿ ಉಳಿದ 5. ಹೆಸರಿಟ್ಟ ಮಾತ್ರಕ್ಕೆ ತಿಳಿದಂತಾಗಲಿಲ್ಲ. ಆ 95 ಪಾಲು ಏನೆಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ರೂಬಿನ್‌ ಅವರ ಹೆಸರಿಟ್ಟು ಚಿಲಿ ದೇಶದ ಬೆಟ್ಟದ ಮೇಲೆ ಕಟ್ಟಿದ ದೊಡ್ಡ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಪ್ರಕಟಿಸಿದೆ. ಹುಡುಕಾಟ ನಡೆದೇ ಇದೆ.

ನಾಲ್ಕು ಪುಸ್ತಕ ಓದಿ ಎಲ್ಲ ತಿಳಿದವರಂತೆ ಮಾತಾಡುವವರು ನಮ್ಮಲ್ಲಿ ಎಷ್ಟು ಜನರಿಲ್ಲ! ಮಠದವರೂ ಇದಕ್ಕೆ ಹೊರತಲ್ಲ. ಶತಮಾನಗಳ ಕಾಲ ತಪಸ್ಸಿನಂತೆ ದುಡಿದು, ಕೊನೆಗೆ 100ರಲ್ಲಿ 95 ಪಾಲು ನಮಗೆ ಗೊತ್ತಿಲ್ಲವೆಂದು ಕೈಮುಗಿದು ನಿಂತ ಆ ವಿಜ್ಞಾನಿಗಳ ವಿನಯ ಯಾವ ಸಾಧಕರ ವಿನಯಕ್ಕೂ ಕಡಿಮೆಯದಲ್ಲ.

ನಮ್ಮ ಶರಣರು 'ಬಯಲು' ಎಂಬ ಪದವನ್ನು ಬಳಸಿದರು. ಅಲ್ಲಮಪ್ರಭುವನ್ನು ವ್ಯೋಮಮೂರ್ತಿಯೆಂದು ಕರೆಯುವುದುಂಟು. ಇಷ್ಟಕ್ಕೇ, ಈ ನಕ್ಷತ್ರಲೋಕಗಳ ಲೆಕ್ಕವೆಲ್ಲ 12ನೆಯ ಶತಮಾನದ ಶರಣರಿಗೆ ಮೊದಲೇ ತಿಳಿದಿತ್ತೆಂದು ವೇದಿಕೆಯ ಮೇಲೆ ಹೇಳುವ ಉತ್ಸಾಹ ಕೆಲವರಲ್ಲಿದೆ. ಅದು ಶರಣರಿಗೆ ತೋರುವ ಗೌರವವಲ್ಲ. ಅವರು ದೂರದರ್ಶಕ ಹಿಡಿದು ಕುಳಿತವರಲ್ಲ. ಎಣೆಯಿಲ್ಲದ್ದರ ಎದುರಿಗೆ ಮನುಷ್ಯ ಹೇಗೆ ನಿಲ್ಲಬೇಕು, ಹೇಗೆ ಬಾಳಬೇಕು ಎಂಬುದು ಅವರ ಹುಡುಕಾಟವಾಗಿತ್ತು. ಅಳತೆಗೆ ಸಿಗದುದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದವರು ಅವರು. ಬಯಲು ಎಷ್ಟೇ ದೊಡ್ಡದಾಗಿರಲಿ, ಅದನ್ನು ಕಂಡು ಬೆದರಿ ಓಡಿಹೋಗಲಿಲ್ಲ. ಬೆಳಗ್ಗೆ ಎದ್ದು ಕಾಯಕಕ್ಕೆ ಹೋದರು, ಬಂದವರಿಗೆ ಅನ್ನವಿಟ್ಟರು. ಅನಂತದ ಎದುರಿಗೆ ಮನುಷ್ಯ ಮಾಡಬಹುದಾದುದು ಇದೇ ಎಂಬಂತೆ ಬದುಕಿದರು.

ವಿಶ್ವದ ಗಾತ್ರವನ್ನು ಕೇಳಿದವರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದಕ್ಕೆ ಬೀಳುತ್ತಾರೆ. ಮೊದಲನೆಯದು ಇದೆಲ್ಲವೂ ನಮಗಾಗಿಯೇ ಹುಟ್ಟಿದ್ದೆಂಬ ಅಹಂಕಾರ. ಮನುಷ್ಯ ಹುಟ್ಟುವ ಮೊದಲೂ ವಿಶ್ವವಿತ್ತು, ನಾಳೆ ಅವನಿಲ್ಲವಾದರೂ ನಕ್ಷತ್ರಗಳು ಉರಿಯುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ಆ ಮಾತು ನಿಲ್ಲದು. ಎರಡನೆಯದು, ನಾವು ಏನೂ ಅಲ್ಲ, ಆದ್ದರಿಂದ ಏನು ಮಾಡಿದರೂ ಅಷ್ಟೆ ಎಂಬ ಹತಾಶೆ. ಆ ಹಿರಿಯರು ನಿಂತಿದ್ದುದು ಈ ಎರಡನೆಯ ಬಾವಿಯ ಅಂಚಿನಲ್ಲಿ. ಅವರನ್ನು ಅಲ್ಲಿಯವರೆಗೆ ಕರೆದೊಯ್ದವರು ನಾವು.

ಆ ಹತಾಶೆ ಏಕೆ ತಪ್ಪೆಂಬುದನ್ನು ಹೇಳಲು ಒಂದು ಚಿತ್ರದ ಸಂಗತಿ ಸಾಕು. ಅಮೆರಿಕದವರು 1977ರ ಸೆಪ್ಟೆಂಬರ್ 5ರಂದು ವಾಯೇಜರ್ 1 ಎಂಬ ನೌಕೆಯನ್ನು ಆಕಾಶಕ್ಕೆ ಕಳಿಸಿದರು. ಗುರು, ಶನಿ ಗ್ರಹಗಳನ್ನು ನೋಡಿಕೊಂಡು ಅದು ಮುಂದೆ ಸಾಗಿತು. 1990ರ ಫೆಬ್ರವರಿ 14ರಂದು, ಅದರ ಕ್ಯಾಮೆರಾಗಳನ್ನು ಶಾಶ್ವತವಾಗಿ ಮುಚ್ಚುವ ಮೊದಲು, ಕಾರ್ಲ್ ಸೇಗನ್ ಎಂಬ ವಿಜ್ಞಾನಿಯ ಸೂಚನೆಯಂತೆ ಅದನ್ನು ಹಿಂದಕ್ಕೆ ತಿರುಗಿಸಿ ನಮ್ಮ ಭೂಮಿಯ ಚಿತ್ರ ತೆಗೆಸಿದರು. ಆಗ ಅದು ಇದ್ದುದು ಸುಮಾರು 600 ಕೋಟಿ ಕಿಲೋಮೀಟರ್ ದೂರದಲ್ಲಿ. ಬಿಸಿಲ ಕೋಲಿನಲ್ಲಿ ತೇಲುವ ಧೂಳಿನ ಕಣದಂತೆ ಭೂಮಿ ಆ ಚಿತ್ರದಲ್ಲಿ ಕಂಡಿತು. ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಸಾಲಕ್ಕೆ ಹೆದರಿ ನಿದ್ದೆ ಬಾರದ ರೈತ, ಸಿಂಹಾಸನದ ಮೇಲೆ ಕುಳಿತ ದೊರೆ ಎಲ್ಲರೂ ಆ ಕಣದಲ್ಲಿಯೇ ಇದ್ದರು.

ಅದೇ ನೌಕೆಯಲ್ಲಿ ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆಯೊಂದಿದೆ. ಎಂದಾದರೂ ಯಾರಾದರೂ ಕೇಳಿಸಿಕೊಂಡಾರೆಂಬ ಆಸೆಯಿಂದ 55 ಭಾಷೆಗಳ ಶುಭಾಶಯಗಳನ್ನು ಅದರಲ್ಲಿ ತುಂಬಿದ್ದಾರೆ. ಆ 55ರಲ್ಲಿ ನಮ್ಮ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭ ಕೋರಿದ ಪುಟ್ಟ ಧ್ವನಿಯೊಂದು ಅದರಲ್ಲಿದೆ. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. 2012ರ ಆಗಸ್ಟ್‌ನಲ್ಲಿ ಆ ನೌಕೆ ಸೂರ್ಯನಿಂದ ಬೀಸುವ ಕಣಗಳ ಪ್ರವಾಹದ ಗಡಿಯನ್ನು ದಾಟಿ ನಕ್ಷತ್ರಗಳ ನಡುವಿನ ಬಯಲನ್ನು ಹೊಕ್ಕಿತು. ಈಗ 2,500 ಕೋಟಿ ಕಿಲೋಮೀಟರಿಗೂ ಆಚೆ ಸಾಗುತ್ತಿದೆ. ಇನ್ನೊಂದು ನಕ್ಷತ್ರದ ಆಸುಪಾಸಿಗೆ ಹೋಗಲು ಅದಕ್ಕೆ ಸುಮಾರು 40,000 ವರ್ಷ ಬೇಕು.

ಇಲ್ಲಿಯವರೆಗೆ ಉತ್ತರವೇನಾದರೂ ಬಂದಿದೆಯೇ? ಇಲ್ಲ. ಬೇರೆ ಸೂರ್ಯರನ್ನು ಸುತ್ತುವ 6,000ಕ್ಕೂ ಹೆಚ್ಚು ಗ್ರಹಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅವುಗಳಲ್ಲಿ ಒಂದರಲ್ಲಿಯೂ ಜೀವವಿದೆಯೆಂಬ ಖಚಿತವಾದ ಸಾಕ್ಷಿ ದೊರೆತಿಲ್ಲ. ಇರಬಹುದು, ನಾಳೆ ಸಿಗಲೂಬಹುದು. ಆದರೆ ಈ ಹೊತ್ತಿಗೆ ನಮಗೆ ತಿಳಿದಂತೆ, ಒಬ್ಬರು ಇನ್ನೊಬ್ಬರಿಗಾಗಿ ಕಣ್ಣೀರು ಹಾಕುವ ಜಾಗ ಈ ವಿಶ್ವದಲ್ಲಿ ಇದೊಂದೇ.

ಹಿರಿಯರ ಪ್ರಶ್ನೆಗೆ ಉತ್ತರ ನಮಗೆ ಸಿಕ್ಕಿದ್ದು ಇಲ್ಲಿಯೇ. ಸೂರ್ಯ ಯಾರ ಲೆಕ್ಕವನ್ನೂ ಇಡುವುದಿಲ್ಲ. ಕೃತ್ತಿಕೆಗೆ ತನ್ನ ನೆರೆಯ ನಕ್ಷತ್ರ ಆರಿಹೋದರೂ ಗೊತ್ತಾಗುವುದಿಲ್ಲ. ಅವು ಗಾತ್ರದಲ್ಲಿ ದೊಡ್ಡವು, ನಿಜ. ಆದರೆ ಎಣಿಸಲಾರವು, ನೆನೆಯಲಾರವು, ಅಳಲಾರವು. ಲೆಕ್ಕವೆಂಬುದು ಗಾತ್ರದಿಂದ ಹುಟ್ಟುವುದಲ್ಲ, ಲೆಕ್ಕ ಇಡುವವರಿಂದ ಹುಟ್ಟುವುದು. ದೇವರು ಲೆಕ್ಕ ಇಟ್ಟಿರುತ್ತಾನೆಂದು ನಂಬುವ ನಾವು, ಆ ಲೆಕ್ಕದ ಪುಸ್ತಕ ತೆರೆದುಕೊಳ್ಳುವುದು ಮನುಷ್ಯನ ಎದೆಯಲ್ಲಿಯೇ ಎಂಬುದನ್ನು ಮರೆತಿದ್ದೇವೆ.

ಮಾಘ ಮಾಸದಲ್ಲಿ ಆ ಊರಿಗೆ ಮತ್ತೆ ಹೋದೆವು. ಹಿರಿಯರ ಮನೆಯ ಪಡಸಾಲೆಯಲ್ಲಿ ಕುಳಿತು ಹೇಳಿದೆವು: "ಯಜಮಾನ್ರೇ, ನಿಮ್ಮ ಮಗನ ರಕ್ತದಲ್ಲಿ ಒಂದಿಷ್ಟು ಕಬ್ಬಿಣದ ಅಂಶವಿತ್ತು. ಎಲ್ಲರ ರಕ್ತದಲ್ಲೂ ಇರುತ್ತದೆ. ಅದು ಈ ಭೂಮಿಯಲ್ಲಿ ಹುಟ್ಟಿದ್ದಲ್ಲ. ಸೂರ್ಯ ಹುಟ್ಟುವುದಕ್ಕೂ ಮೊದಲು ಎಲ್ಲೋ ಉರಿದು ಸಿಡಿದ ನಕ್ಷತ್ರಗಳಲ್ಲಿ ಹುಟ್ಟಿದ್ದು. ನಿಮ್ಮ ಮಗ ಈ ವಿಶ್ವಕ್ಕೆ ಹೊರಗಿನವನಾಗಿರಲಿಲ್ಲ, ಅದರದೇ ಮಣ್ಣಿನಿಂದ ಆದವನು. ಅಂಥವನು ಒಬ್ಬನೇ ಒಬ್ಬನಿದ್ದ. ಅವನು ಯಾವ ಲೆಕ್ಕವೆಂದು ಆಕಾಶವನ್ನು ಕೇಳಿದರೆ ಅದು ಹೇಳಲಾರದು. ನಿಮ್ಮ ಅಡುಗೆಮನೆಯನ್ನು ಕೇಳಿ. ಬುಟ್ಟಿಯಲ್ಲಿ ಹೆಚ್ಚಿಗೆ ಉಳಿಯುವ ಆ ಎರಡು ರೊಟ್ಟಿಯೇ ಅವನ ಲೆಕ್ಕ. ನಮಗೆ ಗೊತ್ತಿರುವಷ್ಟು ವಿಶ್ವದಲ್ಲಿ ಇನ್ನೆಲ್ಲಿಯೂ ಅಂಥ ಲೆಕ್ಕ ಇಡುವವರಿಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಲೆಕ್ಕ ಇಡೋದು ನಮ್ಮ ಕೆಲಸ ಅಂದಂಗಾತು ಬುದ್ಧೀ" ಎಂದರು. ನಾವು ಪುಟಗಟ್ಟಲೆ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಈ ಕೆಲಸ ಅವರೊಬ್ಬರದೇ ಅಲ್ಲ. ನಮ್ಮ ಊರಿನಲ್ಲಿ ಯಾರ ಲೆಕ್ಕಕ್ಕೂ ಇಲ್ಲದವರು ಯಾರಿದ್ದಾರೆಂದು ಪ್ರತಿಯೊಬ್ಬರೂ ಒಮ್ಮೆ ಸುತ್ತ ನೋಡಬೇಕು. ಪಿಂಚಣಿಗಾಗಿ ಬಾಗಿಲಿಂದ ಬಾಗಿಲಿಗೆ ಅಲೆಯುವ ವೃದ್ಧ, ಶಾಲೆ ಬಿಟ್ಟು ದನ ಕಾಯುವ ಹುಡುಗಿ, ಮಾತು ಬಿಟ್ಟು ಹತ್ತು ವರ್ಷವಾದ ಸ್ವಂತ ತಮ್ಮ, ಇವರನ್ನು ನಾವು ಎಣಿಸದಿದ್ದರೆ ಎಣಿಸಲು ಮೇಲಿನಿಂದ ನಕ್ಷತ್ರಗಳು ಇಳಿದು ಬರುವುದಿಲ್ಲ. ಬಯಲು ಅಷ್ಟು ದೊಡ್ಡದಾಗಿರುವುದರಿಂದಲೇ ನಾವು ಒಬ್ಬರಿಗೊಬ್ಬರು ಇಷ್ಟು ಹತ್ತಿರವಿರಬೇಕಾಗಿದೆ.

ಇತ್ತೀಚೆಗೆ ಆ ಊರಿನವರೊಬ್ಬರು ಮಠಕ್ಕೆ ಬಂದಿದ್ದರು. ಹಿರಿಯರ ಕ್ಷೇಮಸಮಾಚಾರ ಕೇಳಿದೆವು. ಆ ತಾಯಿ ಇಂದಿಗೂ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಾರಂತೆ. ಈಗ ಮರೆತು ಬಡಿಯುವುದಲ್ಲ, ಎಣಿಸಿಯೇ ಬಡಿಯುತ್ತಾರಂತೆ. ಕೆರೆ ಏರಿಯ ಬಳಿಯ ಗುಡಿಸಿಲಿನಲ್ಲಿ ಒಬ್ಬಳೇ ಇರುವ ಮುದುಕಿಗೆ ದಿನವೂ ಸಂಜೆ ಅವು ಹೋಗುತ್ತವಂತೆ.